‘ಗಾಜು’ ಎಂದರೆ ನಿಲ್ಲುವ ಹುಡುಗಿ

ಗಾಜಿನಂಗಡಿಯಲ್ಲಿ ಕೆಲಸ ಹಂಚಿಕೊಂಡದ್ದು ಹೀಗೆ: ಅಪ್ಪ ಗಾಜು ಕೊಯ್ಯುವವನು, ಸೋದರಮಾವ ಅಪ್ಪನ ಜೊತೆ ಅದನ್ನು ಹೊರುವವನು, ಅಮ್ಮ ಕೂಗುವವಳು. ಕೂಗುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಆಳೆತ್ತರದ ಗಾಜು ಹೊತ್ತು ಜನ ತುಂಬಿದ ಬೀದಿಯಲ್ಲಿ ಒಮ್ಮೆ ನಡೆದು ನೋಡಬೇಕು. ಹೊತ್ತವರ ಕಣ್ಣು ಗಾಜಿನ ಅಂಚಿನ ಮೇಲಿರುತ್ತದೆ, ದಾರಿಯ ಮೇಲಲ್ಲ. ಎದುರಿಗೆ ಬರುವವರಿಗೋ ಗಾಜೇ ಕಾಣುವುದಿಲ್ಲ. ಹಾಗಾಗಿ ಅಮ್ಮ ಅವರಿಬ್ಬರ ಮುಂದೆ ಕೈ ಬೀಸಿಕೊಂಡು ನಡೆಯುತ್ತ “ಗಾಜೂ!” ಎಂದು ಒಂದು ಕೂಗು ಹಾಕುತ್ತಿದ್ದಳು. ಬೀದಿಯ ಆ ತುದಿಯ ಕ್ಷೌರದಂಗಡಿಯಲ್ಲಿ ಕತ್ತರಿ ನಿಲ್ಲುತ್ತಿತ್ತು. ಅಂಥ ಗಂಟಲು.

ಆ ಕೂಗು ಕಿವಿಗೆ ಬಿದ್ದರೆ ಓಡಬಾರದು, ಪಕ್ಕಕ್ಕೆ ಹಾರಬಾರದು, ಇದ್ದಲ್ಲೇ ಇದ್ದ ಹಾಗೇ ನಿಲ್ಲಬೇಕು. ಅದು ಬೀದಿಗೆ ಅಮ್ಮ ಹಾಕಿಕೊಟ್ಟ ಕಾನೂನು. ಗಾಜು ಒಡೆಯುವುದು ನಿಂತವರಿಂದಲ್ಲ, ತಪ್ಪಿಸಿಕೊಳ್ಳಲು ಹೋಗಿ ಹೊತ್ತವರ ಕಾಲಿಗೇ ಸಿಕ್ಕಿಕೊಳ್ಳುವ ಬುದ್ಧಿವಂತರಿಂದ. ನಾವು ನಿಂತರೆ ಹೊತ್ತವರು ನಮ್ಮನ್ನು ದಾಟಿಕೊಂಡು ಹೋಗುತ್ತಾರೆ. ಅಂಗಡಿಯ ಮಗಳು ಮಾತು ಕಲಿಯುವ ಮೊದಲೇ ಇದನ್ನು ಕಲಿತಳು. ಅಂಬೆಗಾಲಿಡುವಾಗ ಕೂಗು ಕೇಳಿದರೆ ಎತ್ತಿದ ಕೈಯನ್ನು ಗಾಳಿಯಲ್ಲೇ ಬಿಟ್ಟು ನಿಂತುಬಿಡುತ್ತಿದ್ದಳು. ಗಾಜು ದಾಟಿದ ಮೇಲೇ ಆ ಕೈ ನೆಲಕ್ಕೆ. ನೋಡಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕುಳ್ಳಗೆ, ಗುಂಡಗೆ, ಮನೆಯಿಡೀ ಉರುಳಾಡಿಕೊಂಡಿದ್ದ ಅವಳನ್ನು ಸೋದರಮಾವ ‘ಗೋಲಿ’ ಎಂದು ಕರೆದ. ಶಾಲೆಗೆ ಹಾಕಿದ ಹೆಸರು ಮೂಲೆಗೆ ಬಿತ್ತು, ಗೋಲಿಯೇ ನಿಂತಿತು.

ಅಂಗಡಿಯ ಹಿಂದಿನ ಅಂಗಳದಲ್ಲಿ ಗೋಡೆಗೆ ಒರಗಿಸಿಟ್ಟ ಗಾಜು, ಕನ್ನಡಿಗಳ ಸಾಲು. ತಲೆ ನೆಟ್ಟಗಿರುವ ಯಾರೂ ಅಲ್ಲಿ ಚೆಂಡು ಆಡುವುದಿಲ್ಲ. ಗೋಲಿ ಆಡಿದಳು. ಯಾರೋ ಎಸೆದ, ಅರ್ಧ ಗಾಳಿ ಹೋದ ಫುಟ್‌ಬಾಲು ಅವಳಿಗೆ ಸಿಕ್ಕಿತ್ತು.

“ಆ ಚೆಂಡು ನೆಲ ಬಿಟ್ಟು ಎದ್ರೆ ನೀನೂ ಈ ಮನೆ ಬಿಟ್ಟು ಏಳ್ತೀಯ, ನೋಡ್ತಾ ಇರು” ಎಂದು ಅಮ್ಮ ಕಣ್ಣು ಕೆಂಪಗೆ ಮಾಡಿದಳು.

ಒಂದು ಸಲ ಎದ್ದೇ ಬಿಟ್ಟಿತು. ಯಾರದೋ ಹೊಸ ಮನೆಗೆ ಹೋಗಬೇಕಿದ್ದ ಕನ್ನಡಿ ಚೂರು ಚೂರಾಯಿತು. ಗೋಲಿಗೆ ಅವತ್ತು ಬಿದ್ದ ಬೈಗುಳ ಇಡೀ ಬೀದಿಗೆ ಹಂಚಿದರೂ ಮಿಗುವಷ್ಟಿತ್ತು. ಆಮೇಲೆ ಚೆಂಡು ಮೇಲೇಳಲಿಲ್ಲ. ಗಾಜುಗಳ ನಡುವಿನ ಇಕ್ಕಟ್ಟಿನಲ್ಲಿ ಅವಳ ಪಾದಕ್ಕೆ ಅಂಟಿಕೊಂಡೇ ಹೋಯಿತು, ಅಂಟಿಕೊಂಡೇ ತಿರುಗಿತು. ಅಮ್ಮ ಅಡುಗೆಮನೆಯ ಕಿಟಕಿಯಿಂದ ಬೈಯುತ್ತ ನೋಡುತ್ತಿದ್ದಳು. ಬೈಯುವುದನ್ನು ಮರೆತು ನೋಡುತ್ತ ನಿಂತ ದಿನಗಳೂ ಇದ್ದವು. ಅದನ್ನು ಮಾತ್ರ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಶಾಲೆಯ ಪೀಟಿ ಟೀಚರ್ ಒಂದು ದಿನ ಅಂಗಡಿಗೇ ಬಂದರು. “ನಿಮ್ಮ ಮಗಳ ಕಾಲಿಂದ ಚೆಂಡು ಕಿತ್ಕೊಳ್ಳೋಕೆ ಹುಡುಗರ ಕೈಲೂ ಆಗ್ತಿಲ್ಲ. ಕ್ಲಬ್ಬಿಗೆ ಸೇರಿಸೋಣ, ನನ್ನ ಜೊತೆ ಕಳಿಸಿ” ಎಂದರು. ಅಪ್ಪ ಹೆಂಡತಿಯ ಮುಖ ನೋಡಿದ. ಆ ಮನೆಯಲ್ಲಿ ತೀರ್ಪು ಬರುವುದು ಆ ಮುಖದಿಂದಲೇ.

“ಕರ್ಕೊಂಡು ಹೋಗಿ ಟೀಚರ್” ಎಂದಳು ಅಮ್ಮ. “ಆದ್ರೆ ಕಾಲು ಮುರ್ಕೊಂಡು ಬಂದ್ಲೋ, ತಂದು ನಿಮ್ಮನೇಲೇ ಬಿಟ್ಟು ಬರ್ತೀನಿ.”

ಕ್ಲಬ್ಬಿನಲ್ಲಿ ಗೋಲಿ ಬೆಳೆದ ವೇಗಕ್ಕೆ ದೊಡ್ಡ ಹುಡುಗಿಯರು ಮೂಗಿನ ಮೇಲೆ ಬೆರಳಿಟ್ಟರು. ಶಾಲೆ ಮುಗಿಯುವ ವರ್ಷ ಅವಳ ತಂಡ ಫೈನಲ್ ತಲುಪಿತು. ದೇಶದ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರು ಆ ಪಂದ್ಯ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಅಂಗಡಿಗೆ ಬಾಗಿಲು ಹಾಕಿ ಮನೆಯವರೆಲ್ಲ ಹೊರಟರು. ಅಮ್ಮ ಎಲ್ಲರನ್ನೂ ತಳ್ಳಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕುಳಿತಳು. ಮಗಳು ಮೊದಲ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸನ್ನು ತಬ್ಬಿಕೊಂಡಳು.

ಎರಡೂ ತಂಡ ಸಮಸಮ. ಇನ್ನೇನು ಸಮಯ ಮುಗಿಯಬೇಕು, ಚೆಂಡು ಗೋಲಿಯ ಕಾಲಿಗೆ ಬಂತು. ಅವಳು ನುಗ್ಗಿದಳು. ಎಡಗಡೆಯಿಂದ ಒಬ್ಬಳು, ಬಲಗಡೆಯಿಂದ ಒಬ್ಬಳು, ಅವಳಿಗಿಂತ ಒಂದು ತಲೆ ಎತ್ತರದ ಇಬ್ಬರು ಅವಳ ಮೇಲೇ ಬರುತ್ತಿದ್ದರು. ಅಮ್ಮನಿಗೇ ಗೊತ್ತಾಗುವ ಮೊದಲು ಅವಳ ಬಾಯಿ ತೆರೆದುಕೊಂಡಿತ್ತು.

“ಗಾಜೂ!”

ಗೋಲಿ ನಿಂತಳು. ಓಡುತ್ತಿದ್ದವಳು ಒಂದು ಕಾಲು ಗಾಳಿಯಲ್ಲಿ ಬಿಟ್ಟು ಹಾಗೇ ನಿಂತುಬಿಟ್ಟಳು. ಚೆಂಡಿಗೇನು ಗಾಜಿನಂಗಡಿಯ ಕಾನೂನು ಗೊತ್ತೇ? ಅದು ಮುಂದಕ್ಕೆ ಉರುಳಿತು. ಎದುರಾಳಿಗಳು ಅದನ್ನು ಒಯ್ದು ಈ ಕಡೆ ಗೋಲು ಹೊಡೆದರು. ಅಲ್ಲಿಗೆ ಪಂದ್ಯ ಮುಗಿಯಿತು. ಯಾಕೆ ನಿಂತಳು ಎಂದು ಇಡೀ ಮೈದಾನ ಕೇಳಿತು. ಉತ್ತರ ಗೊತ್ತಿದ್ದವರು ಮನೆಯವರು ಮಾತ್ರ. ಅವರು ನೆಲ ನೋಡುತ್ತ ಕುಳಿತಿದ್ದರು.

ಮನೆಗೆ ಬಂದು ಬೂಟು ಬಿಚ್ಚುತ್ತ ಗೋಲಿ ಹೇಳಿದಳು: “ಅಮ್ಮಾ, ಇನ್ಮೇಲೆ ನೀನು ನನ್ನ ಮ್ಯಾಚಿಗೆ ಬರಬೇಡ.”

“ಬರಲ್ಲ ಬಿಡು” ಎಂದಳು ಅಮ್ಮ. ಅಷ್ಟೇ. ಸಾವಿರ ಮಾತಾಡುವ ಹೆಂಗಸು ಎರಡೇ ಮಾತು ಆಡಿದ್ದು ಅಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಅವಳು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮಗಳ ಬದುಕನ್ನು ಈ ಹಾಳು ಬಾಯಿ ಒಡೆದುಹಾಕಿತು ಎಂದು ಅವಳಿಗೆ ಖಂಡಿತವಾಗಿತ್ತು.

ಬದುಕೇನೂ ಒಡೆಯಲಿಲ್ಲ. ಆರಿಸುವವರು ಮೂರ್ಖರಲ್ಲ. ಕೊನೆಯ ಎಡವಟ್ಟಿನ ಜೊತೆಗೆ ಅದಕ್ಕೂ ಹಿಂದಿನ ಆಟವನ್ನೂ ಅವರು ನೋಡಿದ್ದರು. ಗೋಲಿ ದೇಶದ ತಂಡಕ್ಕೆ ಹೋದಳು. ದೊಡ್ಡ ಊರುಗಳ ದೊಡ್ಡ ಮೈದಾನಗಳಲ್ಲಿ ಎತ್ತರದವರ ಕಾಲುಗಳ ನಡುವೆ ನುಸುಳಿ, ನೆಲದ ಮೇಲೇ ಚೆಂಡು ಜಾರಿಸಿ ಗೋಲು ಕಾಯುವವರಿಗೆಲ್ಲ ಚಳ್ಳೆಹಣ್ಣು ತಿನ್ನಿಸಿದಳು. ತೋಳಿಗೆ ನಾಯಕಿಯ ಪಟ್ಟಿ ಬಂತು. ಶಾಲೆಯ ಹುಡುಗಿಯರು ಅವಳ ನಂಬರಿನ ಅಂಗಿ ತೊಟ್ಟು ಓಡಾಡಿದರು. ಅಪ್ಪನೂ ಸೋದರಮಾವನೂ ಪಂದ್ಯಗಳಿಗೆ ಹೋಗಿ ಬಂದರು. ಅಮ್ಮ ಹೋಗಲಿಲ್ಲ. ಅಂಗಡಿಯ ಟೀವಿ ಮುಂದೆ ಕೂರುತ್ತಿದ್ದಳು, ಅದೂ ಬಾಯಿಗೆ ಅಂಗೈ ಒತ್ತಿಕೊಂಡು.

“ಅಕ್ಕಾ, ಧೈರ್ಯವಾಗಿ ಕೂಗಿ, ಇಲ್ಲಿಂದ ಅಲ್ಲಿಗೆ ಕೇಳಿಸಲ್ಲ” ಎಂದು ಪಕ್ಕದ ಅಂಗಡಿಯ ದರ್ಜಿ ಕಿಚಾಯಿಸುತ್ತಿದ್ದ.

“ನನ್ನ ಗಂಟಲು ನಿನಗೇನು ಗೊತ್ತು, ಸುಮ್ನಿರು” ಎಂದು ಅವಳು ಬೆರಳ ಸಂದಿಯಿಂದಲೇ ಗದರಿಸುತ್ತಿದ್ದಳು.

ಮಗಳು ಹತ್ತಿರ ಹತ್ತಿರ ಮೂವತ್ತಕ್ಕೆ ಬಂದಾಗ ಎದುರಾಳಿಯೊಬ್ಬಳು ಅವಳ ಮೊಣಕಾಲಿನ ಮೇಲೇ ಬಿದ್ದಳು. ಆಪರೇಷನ್ ಆಯಿತು. ಗೋಲಿಯ ಆಟ ಇಲ್ಲಿಗೆ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ಬರೆಯುವವರಿಗೇನು, ಮೊಣಕಾಲು ಅವರದಲ್ಲವಲ್ಲ. ಊರುಗೋಲು ಹಿಡಿದು ಮನೆಗೆ ಬಂದ ಗೋಲಿ ಅಂಗಡಿಯ ಮೂಲೆಯಲ್ಲಿ ಕುಳಿತು ಕನ್ನಡಿಗಳನ್ನು ಒರೆಸುತ್ತಿದ್ದಳು. ಒರೆಸುತ್ತ ಒರೆಸುತ್ತ ತನ್ನ ಮುಖ ಕಂಡರೆ ಬೇರೆ ಕಡೆ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅಪ್ಪ, ಸೋದರಮಾವ ದೊಡ್ಡ ಗಾಜು ಎತ್ತಿದರು. ಅಮ್ಮ ಕೂಗು ಹಾಕಿ ತಿರುಗಿದರೆ, ಗೋಲಿ ಅಂಗಡಿಯ ಮಧ್ಯದಲ್ಲಿ ಎರಡು ಊರುಗೋಲುಗಳನ್ನೂ ಗಾಳಿಯಲ್ಲಿ ಎತ್ತಿ ಒಂಟಿಕಾಲಿನಲ್ಲಿ ನಿಂತಿದ್ದಾಳೆ! ಗಾಜು ಹೊರಗೆ ಹೋಯಿತು. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವಳು ಗೋಲಿ. ಎಷ್ಟೋ ವರ್ಷದಿಂದ ಆ ಮನೆಯಲ್ಲಿ ಯಾರೂ ಎತ್ತದ ವಿಷಯಕ್ಕೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅವತ್ತು ಯಾಕಮ್ಮ ಕೂಗಿದೆ?” ಎಂದಳು ಗೋಲಿ.

“ನಾನೆಲ್ಲಿ ಕೂಗಿದೆ, ಅದಾಗೇ ಬಂತು ಕಣೇ. ಅವರಿಬ್ಬರೂ ನಿನ್ನ ಮೇಲೆ ಬರ್ತಿದ್ರು. ನೀನು ಒಡೆದು ಹೋಗ್ತೀಯ ಅನ್ನಿಸ್ತು.”

ನಾಯಕಿಯಾಗಿ ದೇಶ ಸುತ್ತಿದವಳು, ಅಮ್ಮ ತನ್ನನ್ನು ಸೋಲಿಸಿದಳು ಎಂದೇ ಇಷ್ಟು ವರ್ಷ ತಿಳಿದಿದ್ದಳು.

“ನಿಂತಿದ್ದು ತಪ್ಪಲ್ಲಮ್ಮ” ಎಂದಳು ಕೊನೆಗೆ. “ಅವರಿಬ್ರೂ ನನ್ನ ದಾಟಿಕೊಂಡೇ ಹೋದ್ರು, ಮುಟ್ಟೋಕೂ ಆಗ್ಲಿಲ್ಲ. ಚೆಂಡನ್ನ ನಿಲ್ಲಿಸಲಿಲ್ಲವಲ್ಲ, ಅದು ತಪ್ಪು.”

ಊರುಗೋಲು ಬಿಟ್ಟ ಮೇಲೆ ಅಂಗಳದಲ್ಲಿ ಶುರುವಾಯಿತು. ಗೋಲಿ ಚೆಂಡಿನ ಜೊತೆ ಮೊದಲು ನಡೆದಳು, ಆಮೇಲೆ ಓಡಿದಳು. ಅಮ್ಮ ಮನಸ್ಸು ಬಂದಾಗ ಅಡುಗೆಮನೆಯ ಕಿಟಕಿಯಿಂದ “ಗಾಜೂ!” ಎನ್ನುತ್ತಿದ್ದಳು. ಮಗಳೂ ನಿಲ್ಲಬೇಕು, ಅವಳ ಅಂಗಾಲಿನ ಕೆಳಗೆ ಚೆಂಡೂ ನಿಲ್ಲಬೇಕು. ಮೊದಮೊದಲು ಚೆಂಡು ಜಾರಿ ಓಡುತ್ತಿತ್ತು. “ಅದಕ್ಕೂ ಸ್ವಲ್ಪ ಮರ್ಯಾದೆ ಕಲಿಸೇ!” ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು. ನಿಧಾನವಾಗಿ ಅದೂ ಕಲಿಯಿತು.

ಗೋಲಿ ತಂಡಕ್ಕೆ ಮರಳಿದಾಗ ಮುದಿಯಾದಳು, ಕುಂಟುತ್ತಾಳೆ ಎಂದು ಆಡಿಕೊಂಡವರಿಗೆ ಕೊರತೆಯಿರಲಿಲ್ಲ. ಅವರ ಬಾಯಿ ಮುಚ್ಚಿಸುತ್ತ ತಂಡ ಎಲ್ಲಕ್ಕಿಂತ ದೊಡ್ಡ ಕಪ್ಪಿನ ಫೈನಲ್ ತಲುಪಿತು. ಇದೇ ನನ್ನ ಕೊನೆಯ ಪಂದ್ಯ ಎಂದು ಗೋಲಿ ಮೊದಲೇ ಹೇಳಿಬಿಟ್ಟಿದ್ದಳು. ಹೊರಡುವ ಮುಂಚೆ ಅಮ್ಮನ ಕೈಗೆ ಟಿಕೆಟ್ ಇಟ್ಟಳು.

“ಬೇಡ್ವೇ” ಎಂದಳು ಅಮ್ಮ. “ನನ್ನ ಬಾಯಿ ನನ್ನ ಮಾತು ಕೇಳಲ್ಲ.”

“ಕೇಳದಿದ್ರೆ ಬಿಡು. ನೀನು ಬಾ.”

ಅಮ್ಮ ಹೋದಳು. ಕುಳಿತ ತಕ್ಷಣ ಶಾಲಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಮಗಳ ಕೊನೆಯ ಪಂದ್ಯವನ್ನೂ ತಾನೇ ಹಾಳು ಮಾಡಿದರೆ ಆಮೇಲೆ ತಿದ್ದಿಕೊಳ್ಳಲು ಇನ್ನೊಂದು ಪಂದ್ಯವಿಲ್ಲ. ಎದುರಾಳಿಗಳು ಒಂದು ಹೊಡೆದರು, ಗೋಲಿಯ ಗೆಳತಿ ಒಂದು ಹೊಡೆದಳು. ಶಾಲು ಬಾಯಲ್ಲೇ ಇತ್ತು. ಆಟ ಮುಗಿಯುತ್ತ ಬಂತು. ಆಗ ಚೆಂಡು ಗೋಲಿಯ ಕಾಲಿಗೆ ಬಂತು.

ಅವಳು ನುಗ್ಗಿದಳು. ಎಡಗಡೆಯಿಂದ ಒಬ್ಬಳು, ಬಲಗಡೆಯಿಂದ ಒಬ್ಬಳು. ಅದೇ ಓಟ, ಅದೇ ಇಕ್ಕಟ್ಟು, ಜೊತೆಗೆ ಈಗ ಹೊಲಿಗೆ ಹಾಕಿದ ಮೊಣಕಾಲು. ತಾನು ಎದ್ದು ನಿಂತದ್ದು ಅಮ್ಮನಿಗೇ ತಿಳಿಯಲಿಲ್ಲ. ಶಾಲು ಯಾವಾಗ ಬಿತ್ತೋ, ಅದೂ ತಿಳಿಯಲಿಲ್ಲ.

“ಗಾಜೂ!”

ಗೋಲಿ ನಿಂತಳು. ಅಂಗಾಲಿನ ಕೆಳಗೆ ಚೆಂಡೂ ನಿಂತಿತು. ನಿಲ್ಲಲಾಗದ್ದು ಆ ಇಬ್ಬರಿಗೆ. ಬಂದ ರಭಸದಲ್ಲಿ ಅವಳನ್ನು ದಾಟಿ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಹುಲ್ಲಿನ ಮೇಲೆ ಉರುಳಿದರು. ಮುಂದೆ ಉಳಿದವಳು ಗೋಲು ಕಾಯುವವಳೊಬ್ಬಳೇ. ಅವಳು ಎತ್ತರದ ಹೊಡೆತ ಬರುತ್ತದೆಂದು ಮೇಲಕ್ಕೆ ಜಿಗಿದಳು. ಗಾಜಿನ ಅಂಗಳದಲ್ಲಿ ಬೆಳೆದವಳು ಎತ್ತರಕ್ಕೆ ಹೊಡೆಯುತ್ತಾಳೆಯೇ? ಚೆಂಡು ನೆಲ ಬಿಡದೆ, ಜಿಗಿದ ಕಾಲುಗಳ ಕೆಳಗೇ ಉರುಳಿಕೊಂಡು ಹೋಗಿ ಬಲೆಯೊಳಗೆ ನಿಂತಿತು. ಇಡೀ ಮೈದಾನ ಎದ್ದು ಕುಣಿಯಿತು. ಅಮ್ಮ ಮಾತ್ರ ಕುಳಿತು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಅಷ್ಟು ಸಂತೋಷವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಆಮೇಲೆ ಮಗಳು ಕಪ್ಪು ಹಿಡಿದು ಹತ್ತಿರ ಬಂದಾಗ ಅವಳು ಕೇಳಿದ ಮೊದಲ ಮಾತು: “ನನ್ನ ಕೂಗು ಕೇಳಿಸ್ತೇನೇ?”

“ಆ ಗಲಾಟೆಯಲ್ಲಿ ಏನು ಕೇಳಿಸುತ್ತಮ್ಮ?”

“ಮತ್ತೆ ನಿಂತೆಯಲ್ಲ?”

“ನೀನು ಅಷ್ಟೊತ್ತಿಗೆ ಕೂಗೇ ಕೂಗಿರ್ತೀಯ ಅಂತ ಗೊತ್ತಿತ್ತು” ಎಂದು ಗೋಲಿ ಅವಳ ಭುಜಕ್ಕೆ ತಲೆ ಇಟ್ಟಳು.

ಅವರು ಊರಿಗೆ ಬಂದ ದಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದರ್ಜಿ, ಕ್ಷೌರಿಕ, ಪೀಟಿ ಟೀಚರ್, ಅಂಗಿಯ ಬೆನ್ನಿಗೆ ನಂಬರು ಬರೆದುಕೊಂಡ ಹುಡುಗಿಯರ ದಂಡು, ಎಲ್ಲರೂ ಕಪ್ಪು ಮುಟ್ಟಬೇಕೆಂದು ಮೈಮೇಲೆ ಬಿದ್ದರು. ಗೋಲಿ ಒಂದು ಹೆಜ್ಜೆ ಮುಂದಿಡಲಾಗದೆ ಸಿಕ್ಕಿಕೊಂಡಳು. ಅಮ್ಮ ಜನರನ್ನು ಸರಿಸಿ ಅವಳ ಮುಂದೆ ಬಂದು ನಿಂತಳು, ಉಸಿರು ಎಳೆದುಕೊಂಡಳು.

“ಗಾಜೂ!”

ಬೀದಿಗೆ ಬೀದಿಯೇ ಇದ್ದಲ್ಲಿ ಇದ್ದ ಹಾಗೇ ನಿಂತಿತು. ಚಪ್ಪಾಳೆ ತಟ್ಟುತ್ತಿದ್ದವರ ಕೈಗಳು ಗಾಳಿಯಲ್ಲೇ ನಿಂತವು. ಅಮ್ಮ ಠೀವಿಯಿಂದ ನಾಲ್ಕು ಹೆಜ್ಜೆ ನಡೆದು, ಹಿಂದೆ ಯಾರೂ ಬರುತ್ತಿಲ್ಲವೆಂದು ತಿರುಗಿ ನೋಡಿದಳು. ಕಪ್ಪನ್ನು ಎದೆಗೆ ಅವುಚಿಕೊಂಡು, ಒಂದು ಕಾಲು ಎತ್ತಿಕೊಂಡು ಗೋಲಿಯೂ ನಿಂತಿದ್ದಳು.

“ಅಯ್ಯೋ ಹುಚ್ಚಿ, ನೀನ್ಯಾಕೆ ನಿಂತೆ?” ಎಂದಳು ಅಮ್ಮ. “ಇವತ್ತು ಗಾಜು ನೀನೇ. ನಡಿ, ನಡಿ.”

ಗೋಲಿ ಕಾಲು ಕೆಳಗಿಟ್ಟು ಅಮ್ಮನ ಹಿಂದೆ ನಡೆದಳು.