ಗಟಾರದ ಬಗ್ಗೆ ಕೇಳಿದ್ದಕ್ಕೆ ಮನೆಗೆ ಬಂದ ಅತಿಥಿ

ಬಾಗಿಲು ತೆಗೆದರೆ ಎದುರಿಗೆ ನಿಂತವರು ಕನ್ನಡದಲ್ಲಿ ಮಾತಾಡಿದರು. ನನಗೆ ಅಷ್ಟೇ ಸಾಕಾಯಿತು.

"ನಮಸ್ಕಾರ್ರಿ ಅಕ್ಕಾರ. ನೀವು ಜಮಖಂಡಿ ಕಡೆಯವರಂತ ಗೊತ್ತಾತು. ನಮ್ದು ಮುಧೋಳರಿ."

ಕೋಥರೂಡದ ಈ ಸೊಸೈಟಿಯಲ್ಲಿ ಹಾಲಿನವರಿಂದ ಹಿಡಿದು ಲಿಫ್ಟ್ ರಿಪೇರಿಯವರ ತನಕ ಎಲ್ಲರ ಜೊತೆಗೂ ಮರಾಠಿಯೇ. ಅಂಥದ್ದರಲ್ಲಿ ಮುಧೋಳದವರು ಬಾಗಿಲಿಗೆ ಬಂದರೆ ಯಾರು, ಯಾಕೆ ಅಂತ ವಿಚಾರಿಸುವ ತಾಳ್ಮೆ ನನಗೆಲ್ಲಿ...

ಒಳಗೆ ಕರೆದೆ. ಚಹಾ ಇಟ್ಟೆ. ಹಚ್ಚಿದ ಅವಲಕ್ಕಿ ಕೊಟ್ಟೆ.

ಐವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಬಿಳಿ ಶರ್ಟು. ಯಜಮಾನರಿಗೆ ಎಲ್ಲಿ ಕೆಲಸ ಅಂತ ಕೇಳಿದರು. ಚಾಕಣದಲ್ಲಿ, ಮನೆಗೆ ಬರುವಷ್ಟರಲ್ಲಿ ಎಂಟಾಗುತ್ತದೆ ಅಂದೆ. ಮಕ್ಕಳು? ಒಬ್ಬಳೇ ಮಗಳು, ಒಂಬತ್ತನೇ ಕ್ಲಾಸು, ಸಂಜೆ ಟ್ಯೂಷನ್, ಬಸ್ಸಿನಲ್ಲಿ ಬಂದು ಮೇನ್ ರೋಡಿನಲ್ಲಿ ಇಳಿದು ಒಬ್ಬಳೇ ನಡೆದು ಬರುತ್ತಾಳೆ... ನನ್ನ ಬಾಯಿ ನಿಮಗೆಲ್ಲ ಗೊತ್ತೇ ಇದೆ. ಅವರು ಕೇಳಿದ್ದು ಒಂದಾದರೆ ನಾನು ಹೇಳಿದ್ದು ಹತ್ತು.

ಚಹಾ ಮುಗಿಸಿ ಕಪ್ಪು ಕೆಳಗಿಟ್ಟು, ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು.

ಅದರಲ್ಲಿ ನನ್ನದೇ ಅಕ್ಷರ. ನನ್ನ ಹೆಸರು, ಫ್ಲ್ಯಾಟ್ ನಂಬರು, ಫೋನ್ ನಂಬರು. ನಾನು ಪಾಲಿಕೆಯ ಆಫೀಸಿಗೆ ಕೊಟ್ಟಿದ್ದ ಮಾಹಿತಿ ಹಕ್ಕಿನ ಅರ್ಜಿಯ ಫೋಟೋ.

"ಆ ಗಟಾರದ ಕೆಲಸ ನಮ್ದರಿ, ಅಕ್ಕಾರ."

ಗಟಾರದ ಕತೆ ಹೇಳಿಬಿಡುತ್ತೇನೆ. ನಮ್ಮ ಗಲ್ಲಿಯಲ್ಲಿ ಮಳೆನೀರಿನ ಗಟಾರ ಕಟ್ಟಿ ಮುಗಿಸಲಾಗಿದೆ ಅಂತ ಬೋರ್ಡು ನಿಂತಿದೆ. ಗಟಾರ ಮಾತ್ರ ಇಲ್ಲ.

ಕಳೆದ ಮಳೆಗಾಲದಲ್ಲಿ ಗಲ್ಲಿಯ ನೀರೆಲ್ಲ ನಮ್ಮ ಪಾರ್ಕಿಂಗಿಗೆ ನುಗ್ಗಿತು. ಅಲ್ಲೇ ಮೂಲೆಯ ಕೋಣೆಯಲ್ಲಿ ವಾಚ್‌ಮನ್ ಸಂಸಾರ ಇದೆ, ಯಾದಗಿರಿ ಕಡೆಯವರು. ಅವನ ಹೆಂಡತಿ ನಿಂಗಮ್ಮ ಕೂಸನ್ನು ಎತ್ತಿಕೊಂಡು ಮಂಚದ ಮೇಲೆ ನಿಂತಿದ್ದಳು. ಆ ಹೊಲಸು ನೀರಿನಿಂದ ಕೂಸಿಗೆ ವಾಂತಿಭೇದಿ ಹತ್ತಿ ಆಸ್ಪತ್ರೆ ಸೇರಿತು. ಉಳಿದದ್ದೇ ದೊಡ್ಡದು.

ಇಲ್ಲದ ಗಟಾರಕ್ಕೆ "ಕೆಲಸ ಪೂರ್ಣ" ಅಂತ ಸಹಿ ಹಾಕಿದವರು ಯಾರು? ಅರ್ಜಿಯಲ್ಲಿ ನಾನು ಕೇಳಿದ್ದು ಇದೊಂದೇ.

"ಆಫೀಸಿಗೆ ಕೊಟ್ಟ ಅರ್ಜಿ ನಿಮ್ಮ ಮೊಬೈಲಿಗೆ ಹೆಂಗ ಬಂತ್ರಿ?" ಅಂದೆ.

ಅವರು ಸಿಟ್ಟಾಗಲಿಲ್ಲ. "ನಮ್ಮವರ ಹಿಂಗ ಮಾಡಿದ್ರಲ್ಲ ಅಂತ ಭಾಳ ಬ್ಯಾಸರಾತ್ರಿ. ಬ್ಯಾರೆಯವರಾಗಿದ್ರ ನಾ ಬರ್ತಿದ್ದಿಲ್ಲ, ಹುಡುಗರನ್ನ ಕಳಸ್ತಿದ್ದೆ."

ಚಪ್ಪಲಿ ಮೆಟ್ಟುತ್ತಾ ಇನ್ನೊಂದು ಮಾತು ಹೇಳಿದರು. "ಮಗಳು ಕ್ಲಾಸ್ ಮುಗಿಸಿ ಬರೂದ್ರಾಗ ಕತ್ತಲಾಗಿರ್ತದ. ರಸ್ತೆ ತುಂಬ ಅಗದಾರ. ನೋಡ್ಕೊಂಡು ಬಾ ಅನ್ರಿ."

ನಾನೇ ಹೇಳಿದ್ದನ್ನು ನನಗೇ ತಿರುಗಿಸಿ ಹೇಳಿ ಹೋದರು. ಅವಲಕ್ಕಿಯ ತಟ್ಟೆ ಖಾಲಿಯಾಗಿತ್ತು.

ರಾತ್ರಿ ಯಜಮಾನರು ಬಂದ ಮೇಲೆ ಎಲ್ಲ ಹೇಳಿದೆ. "ಅಂವಗ ಚಹಾ ಮಾಡಿ ಕೊಟ್ಟಿ?" ಅಂತ ಒಂದೇ ಮಾತು ಕೇಳಿದರು. ಆಮೇಲೆ, "ಅರ್ಜಿ ಹಿಂದ ತಗೋ" ಅಂದರು.

ಅವರ ಮಾತು ನಾನು ಕೇಳಲಿಲ್ಲ. ಮರುದಿನ ಆಫೀಸಿಗೆ ಹೋದೆ, ಜಗಳಕ್ಕೆಂದೇ ಹೋದೆ.

ಅಧಿಕಾರಿ ಮರಾಠಿಯಲ್ಲಿ ಬಹಳ ಸಮಾಧಾನದಿಂದ ತಿಳಿಸಿ ಹೇಳಿದರು. ನೀವು ಕೇಳಿದ್ದು ಕಾಂಟ್ರಾಕ್ಟರಿಗೆ ಸಂಬಂಧಪಟ್ಟ ಮಾಹಿತಿ, ಅದಕ್ಕೆ ಅವರ ಅಭಿಪ್ರಾಯವನ್ನೂ ಕೇಳಬೇಕು, ನಿಯಮದಲ್ಲೇ ಇದೆ. ಹಾಗಾದರೆ ನನ್ನ ಹೆಸರು, ವಿಳಾಸ ಯಾಕೆ ಮುಚ್ಚಲಿಲ್ಲ ಅಂದೆ. ಅಷ್ಟೆಲ್ಲ ಯಾರು ನೋಡುತ್ತಾರೆ ಮೇಡಂ ಅಂದರು.

ಅವರ ಮಾಹಿತಿ ಒಂದಕ್ಷರ ನನಗೆ ಬಂದಿಲ್ಲ, ನನ್ನ ಮಾಹಿತಿ ಪೂರ್ತಿ ಅವರ ಹತ್ತಿರ ಇದೆ. ಇದಕ್ಕೆ ಪಾರದರ್ಶಕ ಆಡಳಿತ ಅಂತ ಹೆಸರು.

ಅವತ್ತು ಸಂಜೆ ಮಗಳ ಬಸ್ಸು ಬರಲಿಲ್ಲ.

ಸ್ಟಾಪಿನಲ್ಲಿ ನಿಂತೆ. ಫೋನ್ ಹತ್ತುತ್ತಿಲ್ಲ. ಪಕ್ಕದಲ್ಲಿ ಯಾವ ಬೈಕು ನಿಂತರೂ ಅವರು ಕಳಿಸಿದ ಹುಡುಗರೇ ಏನೋ ಅಂತ ಮುಖ ನೋಡುತ್ತೇನೆ. ಟ್ರಾಫಿಕ್ಕು, ಅಷ್ಟೇ. ಆಮೇಲೆ ಗೆಳತಿಯ ಜೊತೆ ನಗುತ್ತಾ ಇಳಿದು ಬಂದಳು. ನಾನು ಅಷ್ಟು ಜನರ ನಡುವೆ ಅತ್ತುಬಿಟ್ಟೆ, ಅವಳಿಗೆ ನಾಚಿಕೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಿ "ನನಗೆ ಈ ಮಾಹಿತಿಯ ಅಗತ್ಯವಿಲ್ಲ" ಅಂತ ಬರೆದು ಸಹಿ ಹಾಕಿದೆ.

ಹಿಂದಿನ ದಿನ ನಿಲ್ಲಿಸಿಯೇ ಮಾತಾಡಿಸಿದ್ದ ಅದೇ ಅಧಿಕಾರಿ ಈಗ ಎದ್ದು ಕುರ್ಚಿ ತೋರಿಸಿದರು. "ಬಸಾ ನಾ ಮೇಡಂ, ಬಸಾ." ಚಹಾ ತರಿಸಲೇ ಅಂದರು. ನಾನು ಕೂರಲಿಲ್ಲ.

ಈ ವರ್ಷದ ಮಳೆ ಶುರುವಾಗಿದೆ. ನಿಂಗಮ್ಮ ಬಾಗಿಲಿಗೆ ಅಡ್ಡ ಮರಳಿನ ಚೀಲ ಹಾಕಿದ್ದಾಳೆ, ಕೂಸಿನ ಬಟ್ಟೆಯೆಲ್ಲ ಗಂಟು ಕಟ್ಟಿ ಮೇಲಿಟ್ಟಿದ್ದಾಳೆ.

ನಿನ್ನೆ ಮೆಟ್ಟಿಲ ಹತ್ತಿರ ಸಿಕ್ಕಳು. "ಅಕ್ಕಾರ, ನಿಮ್ಮ ಕಾಗದಕ್ಕ ಜವಾಬ್ ಬಂತೇನ್ರಿ?"

"ಇಲ್ಲವ್ವಾ" ಅಂದೆ. ಅದೇನು ಸುಳ್ಳಲ್ಲ.

"ಇರ್ಲಿ ಬಿಡ್ರಿ. ನಮ್ಮ ಸಲುವಾಗಿ ನೀವರ ಕೇಳಿದ್ರಿ."

ಇನ್ನು ಮೇಲೆ ಕೇಳುವ ಧೈರ್ಯ ನನಗಿಲ್ಲ, ಯಾರಾದರೂ ಕೇಳಿಯಾರು ಅನ್ನುವ ಆಸೆಯೂ ಉಳಿದಿಲ್ಲ.

ಹೆಸರು, ವಿಳಾಸ ಕೊಡದೆ ಸರ್ಕಾರಕ್ಕೆ ಒಂದು ಪ್ರಶ್ನೆ ಕೇಳುವ ದಾರಿ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯೇ? ಗೊತ್ತಿದ್ದರೆ ಈ ಪೋಸ್ಟಿನ ಕೆಳಗೆ ಕಾಮೆಂಟಿನಲ್ಲಿ ಮಾತ್ರ ಬರೆಯಬೇಡಿ... ನಿಮ್ಮ ಹೆಸರು ಕಾಣುತ್ತದೆ.