ಮೂರನೇ ಒಲೆ

ನಾನು ಚಿಕ್ಕವಳಿದ್ದಾಗ ಶಿವನಿ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮದೇ ದೊಡ್ಡ ಮನೆ. ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತಲೂ ಕೆತ್ತನೆಯ ಕಂಬಗಳು. ಕೇಳುವುದಕ್ಕೆ ಚೆನ್ನಾಗಿದೆ, ಅಲ್ಲವೇ ಮಕ್ಕಳೇ? ಅಲ್ಲಿ ಇದ್ದು ನೋಡಬೇಕಿತ್ತು! ಕಂಬಗಳಿಗೆ ಗೆದ್ದಲು ಹಿಡಿದಿತ್ತು. ಹೆಂಚು ಒಡೆದ ಕಡೆಯೆಲ್ಲ ಸೋರುತ್ತಿತ್ತು. ಮೂಲೆಮೂಲೆಯಲ್ಲೂ ಬಾವಲಿ ಹಿಕ್ಕೆಯ ವಾಸನೆ. ಸಿರಿತನ ಎಂದೋ ಹೋಗಿತ್ತು, ಜಂಬ ಮಾತ್ರ ಹೋಗಿರಲಿಲ್ಲ.

ಅಮ್ಮ ತೀರಿಕೊಂಡ ವರ್ಷವೇ ಮನೆ ಪಾಲಾಯಿತು. ಮೂಡಲ ಕಡೆ ದೊಡ್ಡಮ್ಮನ ಒಲೆ, ಪಡುವಲ ಕಡೆ ಚಿಕ್ಕಮ್ಮನ ಒಲೆ. ಅಪ್ಪನಿಗೆ ಬೇಸಾಯದ ಗೊಡವೆಯೇ ಬೇಡ. ತಮ್ಮ ಪಾಲಿನ ಜಮೀನನ್ನು ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಬಿಟ್ಟುಕೊಟ್ಟರು. ಅದಕ್ಕೆ ಬದಲು ಅಪ್ಪ, ಅಕ್ಕ, ನಾನು, ಮೂವರಿಗೂ ಒಂದು ತಿಂಗಳು ಆ ಒಲೆಯ ಊಟ, ಒಂದು ತಿಂಗಳು ಈ ಒಲೆಯ ಊಟ ಎಂದು ತೀರ್ಮಾನವಾಯಿತು. ತಿಂಗಳು ಎಂದರೆ ಯಾವ ತಿಂಗಳು ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ! ದೊಡ್ಡಮ್ಮ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಲೆಕ್ಕ ಹಿಡಿದರು. ಚಿಕ್ಕಮ್ಮನದು ಗೋಡೆಯ ಮೇಲಿನ ಕ್ಯಾಲೆಂಡರಿನ ಲೆಕ್ಕ.

ಮೊದಲ ಸರದಿ ದೊಡ್ಡಮ್ಮನದು, ಅದು ಹೇಗೋ ಕಳೆಯಿತು. ಅದು ಮುಗಿದ ಅಮಾವಾಸ್ಯೆಯ ಮರುದಿನ ಅಪ್ಪ ಬೆಳಿಗ್ಗೆಯೇ ತರೀಕೆರೆಗೆ ಹೊರಟರು. ಅಲ್ಲಿಗೆ ಹೋದರೆ ಹೋಟೆಲಿನಲ್ಲಿ ಉಂಡು, ಸಿಕ್ಕವರಿಗೆಲ್ಲ ಮನೆತನದ ಹಿರಿಮೆ ಹೇಳಿ ಸಂಜೆಗೆ ಬರುತ್ತಿದ್ದರು. ನಮಗೆ ಬೆಳಿಗ್ಗೆ ಯಾರೂ ರೊಟ್ಟಿ ಕೊಡಲಿಲ್ಲ. ಮಧ್ಯಾಹ್ನ ಚಿಕ್ಕಮ್ಮನ ಅಡುಗೆಮನೆಯಿಂದ ಅವರೆಕಾಳು ಸಾರಿನ ಒಗ್ಗರಣೆ ಘಮ್ಮೆಂದಿತು. ಇಬ್ಬರೂ ಹೋಗಿ ಬಾಗಿಲಲ್ಲಿ ನಿಂತೆವು.

"ಒಂದನೇ ತಾರೀಖಿಂದ ಕಣ್ರೇ ನಮ್ ಸರದಿ. ಇನ್ನೂ ತಿಂಗ್ಳೇ ಮುಗ್ದಿಲ್ವಲ್ಲ," ಎಂದರು ಚಿಕ್ಕಮ್ಮ.

ದೊಡ್ಡಮ್ಮನ ಹತ್ತಿರ ಓಡಿದೆವು. "ನಿನ್ನೆ ಅಮಾಸೆಗೇ ನಮ್ದು ಮುಗೀತಲ್ಲೇ. ಅವ್ಳನ್ನೇ ಕೇಳಿ, ಹೋಗಿ," ಎಂದರು ಅವರು. ಆಮೇಲೆ ಇಬ್ಬರೂ ತೊಟ್ಟಿಯ ಆಚೆ ಈಚೆ ನಿಂತು ಜಗಳಕ್ಕೆ ಬಿದ್ದರು. ಯಾರ ಲೆಕ್ಕ ಸರಿ ಎನ್ನುವುದೇ ದೊಡ್ಡದಾಯಿತು. ನನಗೆ ಹಸಿವಿನಿಂದ ಕಣ್ಣು ಕತ್ತಲಿಡುತ್ತಿತ್ತು.

ಅಕ್ಕ ಹಿತ್ತಲಿನಿಂದ ಮೂರು ಕಲ್ಲು ತಂದು ಯಾರ ಪಾಲಿಗೂ ಸೇರದ ತೊಟ್ಟಿಯ ನಡುವೆ ಇಟ್ಟಳು. ಮುರಿದು ಬಿದ್ದಿದ್ದ ಹಳೆಯ ಬಾಗಿಲಿನ ಕೆತ್ತನೆ ತುಂಡುಗಳನ್ನು ಒಟ್ಟಿ ಬೆಂಕಿ ಹಚ್ಚಿದಳು. ಬೇಯಿಸಲು ಒಂದು ಕಾಳೂ ಇರಲಿಲ್ಲ, ಮಡಕೆಯಲ್ಲಿ ಬರೀ ನೀರು. ನಾನು ಅಳುತ್ತಾ ಪಕ್ಕದಲ್ಲಿ ಕೂತೆ. ಹೊಗೆ ಮಾಡಿಗಿಂತ ಮೇಲಕ್ಕೆ ಎದ್ದಿತು.

ನಮ್ಮ ಕಡೆ ಒಂದು ಮನೆಯಲ್ಲಿ ಹೊಸ ಒಲೆ ಹೊತ್ತಿತೆಂದರೆ ಮನೆ ಮತ್ತೊಮ್ಮೆ ಒಡೆಯಿತೆಂದೇ ಅರ್ಥ. ಊರವರು ಹೊಗೆ ನೋಡಿಯೇ ಆಡಿಕೊಳ್ಳುತ್ತಿದ್ದರು. "ಅಯ್ಯೋ, ಮೂರ್ನೇ ಒಲೆ ಹಚ್ಬಿಟ್ಲಲ್ಲಪ್ಪಾ! ಮಾನ ಹೋಯ್ತು!" ಎಂದು ದೊಡ್ಡಮ್ಮ ಬಂದು ಮಡಕೆಯ ನೀರನ್ನೇ ಬೆಂಕಿಗೆ ಸುರಿದರು. ಅಷ್ಟರಲ್ಲಿ ಚಿಕ್ಕಮ್ಮ ಮುದ್ದೆ, ಸಾರು ತಂದರು. ದೊಡ್ಡಮ್ಮನೂ ಬಿಟ್ಟಾರೆಯೇ, ಅವರೂ ಒಂದು ತಟ್ಟೆ ತಂದರು. ನಮ್ಮ ಹಸಿವಿಗೆ ಕದಲದವರು ಹೊಗೆಗೆ ಹೆದರಿ ಬಡಿಸಿದರು. ನಾನು ಎರಡೂ ತಟ್ಟೆಗೆ ಕೈ ಹಾಕಿ ಉಂಡೆ.

ಸಂಜೆ ಅಪ್ಪ ಬಂದರು. ಸುಟ್ಟು ಕರಕಲಾದ ಕೆತ್ತನೆ ಕಣ್ಣಿಗೆ ಬಿತ್ತು. "ನಮ್ ತಾತ ಮಾಡ್ಸಿದ್ ಬಾಗ್ಲು ಕಣೇ ಅದು! ಸುಡೋಕೆ ಹೆಂಗ್ ಮನಸ್ಸು ಬಂತು ನಿಂಗೆ?" ಎಂದು ಅಕ್ಕನಿಗೆ ಬೈದರು. ಬೆಂಕಿ ಯಾಕೆ ಹಚ್ಚಿದಿರಿ ಎಂದು ಕೇಳಲಿಲ್ಲ. ಉಂಡಿರಾ ಎಂದೂ ಕೇಳಲಿಲ್ಲ. ಇಷ್ಟು ವಯಸ್ಸಾದರೂ ನನಗೆ ಆ ಸಿಟ್ಟು ಇಳಿದಿಲ್ಲ.

ಈಗ ನೀವು ಕಡೂರಿನಲ್ಲಿ ಎರಡೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೀರಿ. ಗೆಳೆಯರ ಮನೆ ದೊಡ್ಡದು, ನಮ್ಮದು ಚಿಕ್ಕದು ಎಂದು ಮುಖ ಊದಿಸುತ್ತೀರಿ. ನಿಮ್ಮಮ್ಮ ಊಟಕ್ಕೆ ಕರೆದರೆ ಮೊಬೈಲಿನಿಂದ ತಲೆ ಎತ್ತದೆ "ಬತ್ತೀನಿ ಇರಮ್ಮ" ಎನ್ನುತ್ತೀರಿ. ಅವಳು ಮತ್ತೆ ಮತ್ತೆ ಕರೆಯುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಆ ದೊಡ್ಡ ಮನೆಯಲ್ಲಿ ಅಮ್ಮ ಹೋದ ಮೇಲೆ ನನ್ನನ್ನು ಹೆಸರು ಹಿಡಿದು ಊಟಕ್ಕೆ ಕರೆದವರು ಒಬ್ಬರೂ ಇರಲಿಲ್ಲ.