ಬೋಣಿ ಮಾಡಿಸಿದ ಸಾವ್ಕಾರರು

ಅವರ ಕಂಪ್ಯೂಟರಿನಲ್ಲಿ ಎಂಟರ್ ಗುಂಡಿಯೊಂದೇ ಸವೆದಿತ್ತು. ತೋರುಬೆರಳನ್ನು ಮಡಚಿ, ಪುಷ್ಯರಾಗದ ದಪ್ಪ ಉಂಗುರದಿಂದಲೇ ಕುಟ್ಟಿ ಕುಟ್ಟಿ ಅದರ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಉಳಿದ ಗುಂಡಿಗಳು ಅಂಗಡಿಯಿಂದ ತಂದ ದಿನ ಹೇಗಿದ್ದವೋ ಹಾಗೇ ಇದ್ದವು. ಬೇರೆಯವರು ಬರೆದದ್ದಕ್ಕೆ ಕೊನೆಗೊಂದು ಏಟು ಹಾಕಿ "ಮಾಡಿದ್ವಿ ನೋಡ್ರಿ" ಅನ್ನುವುದೇ ಅವರ ಕಸುಬು. ಹೊಸಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿದ್ದ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನ ಮಾಲೀಕರು ಅವರು. ನಾವೆಲ್ಲ ಸಾವ್ಕಾರರು ಅನ್ನುತ್ತಿದ್ದೆವು.

ಕಂಪ್ಲಿ, ಕಮಲಾಪುರದ ಕಡೆಯ ರೈಸ್ ಮಿಲ್ಲುಗಳ ವೇಬ್ರಿಡ್ಜಿಗೆ ನಮ್ಮದೇ ಸಾಫ್ಟ್‌ವೇರು. ಭತ್ತದ ಟ್ರ್ಯಾಕ್ಟರ್ ತೂಗಿ, ಖಾಲಿ ಗಾಡಿಯ ತೂಕ ಕಳೆದು, ಚೀಟಿ ಕೊಡಬೇಕು, ಅಷ್ಟೇ. ನಾವು ಒಬ್ಬೊಬ್ಬರೂ ನಮ್ಮ ನಮ್ಮ ಬ್ರಾಂಚಿನಲ್ಲಿ, ಅಂದರೆ ಮೂಲ ಕೋಡಿನ ಬೇರೆ ಬೇರೆ ಪ್ರತಿಯಲ್ಲಿ, ಬರೆಯುತ್ತಿದ್ದೆವು. ಪರೀಕ್ಷೆ ಮಾಡಿ ಸರಿ ಕಂಡದ್ದು ಮಾತ್ರ ಮೇನ್ ಎಂಬ ಬ್ರಾಂಚಿಗೆ ಸೇರುತ್ತಿತ್ತು. ಸಾವ್ಕಾರರು ಯಾವುದೋ ಸಭೆಯಲ್ಲಿ ಕೇಳಿಕೊಂಡು ಬಂದು, ಕೋಡನ್ನು ತಾನೇ ಸಾಗಿಸುವ ಪೈಪ್‌ಲೈನ್ ಹಾಕಿಸಿದರು. ಯಾರು ಯಾವ ಬ್ರಾಂಚಿನಿಂದ ಕಳಿಸಿದರೂ ಯಂತ್ರವೇ ಅದನ್ನು ಕಟ್ಟಿ ಸೀದಾ ಮಿಲ್ಲುಗಳಿಗೆ ಇಳಿಸುತ್ತಿತ್ತು. ಮೇನಿನದು ಮಾತ್ರ ಹೋಗುವಂತೆ ನಿರ್ಬಂಧ ಹಾಕೋಣ, ಒಂದೆರಡು ಸಾಲಿನ ಕೆಲಸ ಎಂದು ನಾನು ಕೇಳಿಕೊಂಡೆ.

"ನಮ್ಮ ಆಫೀಸಿನಾಗ ಭೇದ ಭಾವ ಇಲ್ಲವ್ವಾ. ಎಲ್ಲಾರ ಕೆಲಸಾನೂ ಹೋಗ್ಲಿ" ಅಂದರು.

ಇಂಥ ಸಮಾನತೆಯ ಮನುಷ್ಯ ತಮ್ಮ ನೀರಿನ ಲೋಟವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅವರ ಸಮಾನತೆ ಯಂತ್ರಗಳಿಗೆ ಮಾತ್ರ. ನಾವು ಅರೆಬೆಂದ ಕೋಡನ್ನು ಕಳಿಸದೆ, ನಮ್ಮ ಕಂಪ್ಯೂಟರುಗಳಲ್ಲೇ ಬಚ್ಚಿಟ್ಟುಕೊಂಡು ಹೇಗೋ ದಿನ ದೂಡಿದೆವು.

ದೀಪಾವಳಿಯ ಲಕ್ಷ್ಮೀಪೂಜೆ ಬಂತು. ಕಂಪ್ಯೂಟರುಗಳಿಗೆ ವಿಭೂತಿ, ಕುಂಕುಮ, ಚೆಂಡು ಹೂ ಆಯಿತು. ಕಾಯಿ ಒಡೆದ ಮೇಲೆ ಸಾವ್ಕಾರರಿಗೆ ಅಂಗಡಿಯವರ ಪದ್ಧತಿ ನೆನಪಾಯಿತು. ಎಲ್ಲರೂ ಕುಂತು ಒಂದೊಂದು ಬೋಣಿ ಮಾಡಿ ಏಳಬೇಕು ಎಂದು ಅಪ್ಪಣೆ ಮಾಡಿದರು. ಕೋಡ್ ಕಳಿಸುವುದೂ ಅವರ ಪಾಲಿಗೆ ಮೊದಲ ಗಿರಾಕಿಗೆ ಸೀರೆ ಮಾರಿದ ಹಾಗೆ. ತಮ್ಮ ಹೆಸರಿನಲ್ಲೇ ಒಂದು ಬ್ರಾಂಚ್ ಮಾಡಿಸಿ, ಅದರಲ್ಲಿ 'ಶುಭ ಲಾಭ' ಎಂದು ಬರೆಸಿ, ತಾವೇ ಎಂಟರ್ ಕುಟ್ಟಿದರು. ಆಮೇಲೆ ನನ್ನ ಹಿಂದೆ ಬಂದು ನಿಂತರು. ನನ್ನ ಬ್ರಾಂಚಿನಲ್ಲಿ ತೂಕ ಕಳೆಯುವ ಲೆಕ್ಕವನ್ನು ಅರ್ಧ ಬಿಚ್ಚಿ ಹಾಕಿದ್ದೆ.

"ನಂದು ಇನ್ನಾ ಅರ್ಧ ಐತ್ರಿ ಸಾವ್ಕಾರ್ರ. ಕಳಿಸಿದ್ರ ಸೀದಾ ಮಿಲ್ಲಿಗೆ ಹೋಗ್ತೈತ್ರಿ" ಅಂದೆ.

"ಹಬ್ಬದ ದಿನ ಇಲ್ಲ ಅನಬಾರ್ದವ್ವಾ" ಎಂದು, ನನ್ನ ಹೆಗಲ ಮೇಲಿಂದ ಕೈ ಚಾಚಿ ಉಂಗುರದಿಂದ ಕುಟ್ಟಿಯೇ ಬಿಟ್ಟರು.

ಕಂಪ್ಲಿಯ ಮಿಲ್ಲಿನಲ್ಲೂ ಅದೇ ಹೊತ್ತಿಗೆ ಪೂಜೆ ಮುಗಿಸಿ, ಮಾವಿನ ಸೊಪ್ಪು ಕಟ್ಟಿದ ಮೊದಲ ಟ್ರ್ಯಾಕ್ಟರನ್ನು ತೂಕಕ್ಕೆ ಹತ್ತಿಸಿದ್ದರು. ಚೀಟಿ ಬಂತು. ಭತ್ತ ಸೊನ್ನೆ. ಲಕ್ಷ್ಮೀಪೂಜೆಯ ದಿನ, ಮೊದಲ ಚೀಟಿಯಲ್ಲಿ ಸೊನ್ನೆ. ಮಿಲ್ಲಿನ ಮಾಲೀಕರು ಫೋನಿನಲ್ಲಿ ಕೂಗಾಡಿದ್ದು ನಮಗೆಲ್ಲ ಕೇಳಿಸಿತು. ಸಾವ್ಕಾರರು ಬೆವರು ಒರೆಸಿಕೊಂಡು ದನಿಗೆ ಬೆಲ್ಲ ಸವರಿದರು.

"ನಮ್ಮ ಹುಡುಗೀದು ತಪ್ಪಾತ್ರಿ. ನಿಮ್ಮೂರಾಕಿನ. ಪಾಪ, ಬಡವರ ಮಗಳು, ಹೊಟ್ಟಿಮ್ಯಾಲ ಹೊಡಿಯಾಕ ಮನಸಾಗವಲ್ದು. ಇಟ್ಕೊಂತೀನ್ರಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ. ಬರೆ ಹಾಕಿ ದಯೆಯ ಲೆಕ್ಕವನ್ನೂ ತಮ್ಮ ಹೆಸರಿಗೆ ಬರೆದುಕೊಳ್ಳುವುದನ್ನು ಅವತ್ತೇ ನೋಡಿದ್ದು. ನಾನು ಮೇನ್ ಬ್ರಾಂಚಿನದನ್ನು ಮತ್ತೆ ಇಳಿಸಿದೆ, ಮಿಲ್ಲಿನ ತೂಕ ಸರಿಹೋಯಿತು. ಯಾರನ್ನೂ ಕೇಳದೆ, ಮೇನಿನದು ಮಾತ್ರ ಹೋಗುವ ಆ ನಿರ್ಬಂಧವನ್ನೂ ಹಾಕಿದೆ. ಮಿಲ್ಲಿಗೆ ಫೋನ್ ಮಾಡಿ ನಿಜ ಹೇಳಿ ಎಂದು ಸಾವ್ಕಾರರಿಗೆ ಹೇಳಿದರೆ, ಹಬ್ಬ ಕಳೀಲಿ ಅಂದರು. ಎಷ್ಟೋ ಹಬ್ಬ ಕಳೆದವು. ನಮ್ಮ ಮನೆ ಆ ಮಿಲ್ಲಿನ ಓಣಿಯಲ್ಲೇ. ನಾನು ಬಸ್ಸಿಗೆ ಹೊರಟರೆ ಸೊನ್ನಿ ಹುಡುಗಿ ಹೊಂಟ್ಲು ಅನ್ನುವರು. ನನ್ನ ಮದುವೆ ಮಾತಿನಲ್ಲೂ ಆ ಸೊನ್ನೆ ಬಂದು ಕೂತಿತು. ಅವ್ವ ಆ ಮಿಲ್ಲಿನ ಮುಂದೆ ಹಾಯುವುದನ್ನೇ ಬಿಟ್ಟಳು. ನಿರ್ಬಂಧ ಹಾಕಿಸಿದ್ದು ತಾವೇ ಎಂದು ಸಾವ್ಕಾರರು ಮಾತ್ರ ಬಂದವರಿಗೆಲ್ಲ ಹೇಳಿಕೊಂಡರು.

ಹೋದ ವರ್ಷ ಅವರು ಎದೆನೋವಿನಿಂದ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಮಿಲ್ಲಿನ ಮಾಲೀಕರು ಎದ್ದು ನಿಂತು, ಸೊನ್ನೆ ಹಾಕಿದ ಹುಡುಗಿಯನ್ನೂ ಸಾಕಿದ ದೊಡ್ಡ ಮನುಷ್ಯ ಎಂದು ಕಣ್ಣೊರೆಸಿಕೊಂಡರು. ಆಮೇಲೆ ಸಭೆ ನಡೆಸುತ್ತಿದ್ದವರು ನನ್ನನ್ನೂ ಎರಡು ಮಾತಾಡಲು ಕರೆದರು. ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ಬದುಕಿದ್ದಾಗ ಸಂಬಳ ಕೊಡುತ್ತಿದ್ದರು. ಇನ್ನು ಯಾವಾಗ ಹೇಳುವುದು?

"ಆ ಹುಡುಗಿ ನಾನರೀ. ಬ್ಯಾಡ ಅಂದಾಕೀನೂ ನಾನ, ಸರಿ ಮಾಡಿದಾಕೀನೂ ನಾನ. ಅವತ್ತು ಎಂಟರ್ ಒತ್ತಿದ್ದು ಸಾವ್ಕಾರ್ರ ಉಂಗುರ" ಎಂದು ಹೇಳಿ ಕೂತೆ.

ಸಾವ್ಕಾರರ ಹೆಂಡತಿ ಸೆರಗು ಸರಿಮಾಡಿಕೊಂಡು, "ಮನ್ಯಾಗೂ ಹಂಗ ಇದ್ರು" ಅಂದರು.

ಅವರ ಋಣ ನನ್ನ ಮೇಲೆ ಒಂದಿದೆ. ಕುಟ್ಟಿದವರನ್ನೆಲ್ಲ ಒಳಗೆ ಬಿಡಬಾರದು ಎಂದು ಕಲಿತದ್ದು ಅವರಿಂದ. ಅವರ ಹೆಸರಿನ ಬ್ರಾಂಚ್ ಇನ್ನೂ ಇದೆ, ಒಳಗೆ ಶುಭ ಲಾಭ ಎಂದಿದೆ. ನಾನು ಅಳಿಸಿಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ.